ಮಳೆಗಾಲದ ಮಲ್ಪೆ

ಭೂಗೋಳದ ಪಾಠಕ್ಕೆಂದು ನಾನು ಮಕ್ಕಳನ್ನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯುತ್ತಿದ್ದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಲಾವಾ ತಣಿದು ಮೂಡಿದ ಕಂಬಗಲ್ಲುಗಳು ಅಲ್ಲಿವೆ. ಇಂದು ಅವನ್ನು ನೋಡಲು ಜನ ಮುಗಿಬೀಳುತ್ತಾರೆ.

ಉಡುಪಿಯ ಭವಿಷ್ಯ ಇನ್ನು ಮೀನಿನಲ್ಲಲ್ಲ, ಪ್ರವಾಸೋದ್ಯಮದಲ್ಲಿದೆ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕಡಲು ಕೆರಳುವ ಆ ದಿನಗಳಲ್ಲಿ ದ್ವೀಪಕ್ಕೆ ಹೋಗುವ ದೋಣಿಗಳೂ ದಡ ಬಿಡುವುದಿಲ್ಲ. ಬಲೆಯನ್ನು ತೊರೆದು ಪ್ರವಾಸಿಗರನ್ನೇ ನೆಚ್ಚಿದ ಮೊಗವೀರರ ಮನೆಗೆ ಆಗ ಆಸರೆ ಯಾವುದು? ಅಲೆ ತುಸು ತಗ್ಗಿದರೆ ನಾಡದೋಣಿ ಕಡಲಿಗಿಳಿದೀತು. ಕೈರಂಪಣಿ ಬಲೆಯನ್ನು ದಡದಿಂದಲೇ ಎಳೆದಾರು. ಅದಕ್ಕೆ ಬಯಲು ಮರಳು ಬೇಕು. ಪ್ರವಾಸಿಗರು ಖಂಡಿತ ಬರಲಿ; ಅವರಿಗೆ ಕುರ್ಚಿ ಹಾಕುವ ಮುನ್ನ ಬಲೆ ಎಳೆಯುವಷ್ಟು ಮರಳನ್ನು ಮೀಸಲಿಡೋಣ.