ಚೆಟ್ರಿ ಬದಲಿಸಿದ ಅಂಗಿಗಳು

ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಕಾನ್ಸಾಸ್ ಸಿಟಿ ವಿಜರ್ಡ್ಸ್, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, ಸ್ಪೋರ್ಟಿಂಗ್ ಲಿಸ್ಬನ್‌ನ ಬಿ ತಂಡ, ಚರ್ಚಿಲ್ ಬ್ರದರ್ಸ್, ಆಮೇಲೆ ಬೆಂಗಳೂರು ಎಫ್‌ಸಿ. 2002ರಿಂದ 2013ರ ನಡುವೆ ಸುನಿಲ್ ಚೆಟ್ರಿ ತೊಟ್ಟ ಅಂಗಿಗಳ ಪಟ್ಟಿ ಇದು. ಕೋಲ್ಕತ್ತ, ಪಂಜಾಬ್, ಗೋವಾ, ಅಮೆರಿಕ, ಪೋರ್ಚುಗಲ್ ಎಲ್ಲವೂ ಇದರೊಳಗಿವೆ. ಒಂದರ ಕೆಳಗೊಂದು ಬರೆದರೆ ರೈಲ್ವೆ ವೇಳಾಪಟ್ಟಿಯ ಹಾಗೆ ಕಾಣುತ್ತದೆ. ಚೆಟ್ರಿ ಯಾರೆಂದು ತಿಳಿಯದವರ ಕೈಗೆ ಇದನ್ನು ಕೊಟ್ಟರೆ ಅವರು ಹೇಳುವುದು ಒಂದೇ ಮಾತು: ಕಾಲಿಗೆ ಚಕ್ರ ಕಟ್ಟಿಕೊಂಡವನು, ಎಲ್ಲೂ ನಿಲ್ಲುವವನಲ್ಲ.

ಹೋದ ವರ್ಷ ಒಂದು ಸಂದರ್ಶನದಲ್ಲಿ ನನಗೂ ಇದೇ ಮಾತು ಸಿಕ್ಕಿತು. ಎಂ.ಎ. ಮುಗಿಸಿ ಪಿಎಚ್‌ಡಿಗೆ ಸೇರುವ ಮೊದಲು ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಮೂರು ವರ್ಷ, ಮೂರು ಕಾಲೇಜು. ಮೇಜಿನ ಆಚೆ ಕೂತಿದ್ದ ಹಿರಿಯರು ನನ್ನ ಬಯೋಡೇಟಾದ ಮೇಲೆ ಬೆರಳಾಡಿಸಿ, "ಎಲ್ಲೂ ನಿಲ್ಲಲಿಲ್ಲವಲ್ಲಮ್ಮ ನೀವು?" ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಅತಿಥಿ ಉಪನ್ಯಾಸಕರ ಕೆಲಸ ವರ್ಷ ವರ್ಷಕ್ಕೆ ಮುಗಿಯುತ್ತದೆ, ಮರುವರ್ಷ ಪಟ್ಟಿ ಹೊಸದಾಗುತ್ತದೆ, ಕಾರ್ಯಭಾರ ಇದ್ದಲ್ಲಿಗೆ ಹೋಗಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತಿದ್ದದ್ದೇ. ಆದರೂ ಕಾಗದದ ಮೇಲೆ ಮೂರು ಹೆಸರು ಸಾಲಾಗಿ ಕಂಡಾಗ ಅವು ವ್ಯವಸ್ಥೆಯ ಕತೆ ಹೇಳುವುದಿಲ್ಲ, ನನ್ನ ಸ್ವಭಾವದ ಕತೆ ಹೇಳುತ್ತವೆ. ಅವತ್ತಿನಿಂದ ಚೆಟ್ರಿಯ ಪಟ್ಟಿಯನ್ನು ನಾನು ಬೇರೆ ಕಣ್ಣಿಂದ ಓದತೊಡಗಿದ್ದೇನೆ.

ಅವರು ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು, ಹಾಗಾಗಿ ಬಾಲ್ಯವೇ ವರ್ಗಾವಣೆಗಳಲ್ಲಿ ಕಳೆಯಿತು. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದ ಫುಟ್‌ಬಾಲ್ ಆಟಗಾರ್ತಿ. ಹದಿನೇಳನೇ ವಯಸ್ಸಿಗೆ ಮೋಹನ್ ಬಾಗಾನ್ ಸೇರಿದರು. 2005ರಲ್ಲಿ ಪಂಜಾಬಿನ ಫಗ್ವಾಡದ ಜೆಸಿಟಿಗೆ ಹೋದರು, ಅದೇ ವರ್ಷ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕೆ ಮೊದಲ ಪಂದ್ಯ ಆಡಿ ಮೊದಲ ಗೋಲು ಹೊಡೆದರು. 2008ರಲ್ಲಿ ಜೆಸಿಟಿ ಬಿಟ್ಟರು. ಮೂರು ವರ್ಷ ಕಳೆಯುವಷ್ಟರಲ್ಲಿ, 2011ರಲ್ಲಿ, ಜೆಸಿಟಿಯೇ ಬಾಗಿಲು ಹಾಕಿತು. 1996–97ರಲ್ಲಿ ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದ ತಂಡ ಅದು. ನಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಕೂಡ ಆ ತಂಡದಲ್ಲಿದ್ದರು.

ಪಟ್ಟಿಯ ಉಳಿದ ಹೆಸರುಗಳ ಗತಿ ನೋಡಿ. ಚಿರಾಗ್ ಯುನೈಟೆಡ್ ಪ್ರಾಯೋಜಕರು ಬದಲಾದಂತೆ ಹೆಸರನ್ನೇ ಬದಲಿಸಿಕೊಂಡಿತು. ಚರ್ಚಿಲ್ ಬ್ರದರ್ಸ್ 2013ರಲ್ಲಿ ಐ-ಲೀಗ್ ಗೆದ್ದು, ಮರುವರ್ಷವೇ ಪರವಾನಗಿಯ ನಿಯಮ ಪೂರೈಸದೆ ಹೊರಬಿತ್ತು. ಡೆಂಪೊ 2016ರಲ್ಲಿ ಐ-ಲೀಗ್‌ನಿಂದ ತಾನಾಗಿ ಹಿಂದೆ ಸರಿಯಿತು. ಚೆಟ್ರಿ ಇವೆಲ್ಲವನ್ನೂ ಬಿಟ್ಟದ್ದು ಅವು ಮುಳುಗುತ್ತಿದ್ದವು ಎಂದಲ್ಲ. ಕೆಲವನ್ನು ಹೆಚ್ಚಿನ ಸಂಬಳಕ್ಕೆ, ಕೆಲವನ್ನು ಒಳ್ಳೆಯ ಅವಕಾಶಕ್ಕೆ ಬಿಟ್ಟಿರಬಹುದು. ಎಲ್ಲ ವೃತ್ತಿಪರರೂ ಮಾಡುವುದು ಅದನ್ನೇ. ಆದರೆ ನಿಷ್ಠೆಯಿಂದ ಒಂದೇ ಕಡೆ ನಿಂತಿದ್ದರೆ ಏನಾಗುತ್ತಿತ್ತು? ಜೆಸಿಟಿಯಲ್ಲೇ ಉಳಿದಿದ್ದರೆ ಇಪ್ಪತ್ತಾರು ಇಪ್ಪತ್ತೇಳನೇ ವಯಸ್ಸಿಗೆ, ಸ್ಟ್ರೈಕರ್ ಒಬ್ಬನ ಕಸುವು ತುಂಬಿ ಬರುವ ಹೊತ್ತಿಗೆ, ತಂಡವೇ ಇಲ್ಲದೆ ನಿಲ್ಲಬೇಕಿತ್ತು. ಬಿಟ್ಟುಹೋದವರು ಯಾರು, ಬಿಡಿಸಿದ್ದು ಯಾವುದು ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಬಾಗಿಲು ತೆರೆಯದೇ ಹೋದ ಕಡೆಗಳಂತೂ ಪಟ್ಟಿಯಲ್ಲಿ ಬರುವುದೇ ಇಲ್ಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕು ಎಂಬ ನಿಯಮವಿತ್ತು, ಭಾರತ ಅದರ ಹತ್ತಿರವೂ ಇರಲಿಲ್ಲ. ಆಟ ಅವರದ್ದು, ರ್‍ಯಾಂಕು ದೇಶದ್ದು. ಚಿಕ್ಕ ಊರಿನ ಕಾಲೇಜಿನಲ್ಲಿ ಓದಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಂಕಪಟ್ಟಿಗಿಂತ ಮೊದಲು ಅದರ ಮೇಲಿನ ಮೊಹರನ್ನು ಓದುತ್ತಾರೆ.

2010ರಲ್ಲಿ ಕಾನ್ಸಾಸ್ ಸಿಟಿಗೆ ಹೋದರು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದರು, ಆ ಪಂದ್ಯವನ್ನು ತಂಡ ಗೆದ್ದಿತು. ಆದರೆ ಅಲ್ಲಿನ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಮರಳಿದರು. 2012ರಲ್ಲಿ ಲಿಸ್ಬನ್‌ಗೆ ಹೋದರು. ಬಿ ತಂಡಕ್ಕೆ ಮೂರು ಪಂದ್ಯ ಆಡಿ, ಒಂದೂ ಗೋಲು ಹೊಡೆಯದೆ, 2013ರ ಮೊದಲಲ್ಲೇ ಎರವಲಿನ ಮೇಲೆ ಗೋವಾಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೆಂಟು.

ನನಗೂ ಈಗ ಇಪ್ಪತ್ತೆಂಟು. ಸರಸ್ವತಿಪುರಂನ ಬಾಡಿಗೆ ಕೋಣೆಯಲ್ಲಿ ಕೂತು ಕನ್ನಡ ಕಾದಂಬರಿಗಳಲ್ಲಿ ಊರು ಬಿಟ್ಟವರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ನಾನು ಓದಿದ ಬಹಳಷ್ಟು ಕತೆಗಳಲ್ಲಿ ಊರು ಬಿಟ್ಟವನು ಗೆದ್ದು ಬರುತ್ತಾನೆ, ಇಲ್ಲವೇ ಸೋತು ಬರುತ್ತಾನೆ. ಹಬ್ಬಕ್ಕೆ ಮನೆಗೆ ಹೋದಾಗ ಚಿಕ್ಕಮ್ಮ ಕೇಳುವುದೂ ಇದನ್ನೇ: "ಇನ್ನೂ ಎಷ್ಟು ವರ್ಷನೇ ನಿಂದು? ಎಲ್ಲಾದ್ರೂ ಒಂದ್ಕಡೆ ಕೂತ್ಕೋಬಾರ್ದಾ?" ಮೂರನೆಯ ಬಗೆಯ ಮರಳುವಿಕೆಯೊಂದಿದೆ. ಬರುವಾಗ ಗೆದ್ದದ್ದೋ ಸೋತದ್ದೋ ಗೊತ್ತಾಗುವುದಿಲ್ಲ. ಆಮೇಲೆ ಏನು ಸಿಕ್ಕಿತು ಎಂಬುದರ ಮೇಲೆ ಅದರ ಅರ್ಥ ನಿಂತಿರುತ್ತದೆ.

ಚೆಟ್ರಿಗೆ ಸಿಕ್ಕಿದ್ದು ಬೆಂಗಳೂರು. 2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಅವರು ನಾಯಕರಾಗಿ ಬಂದರು. ಇತಿಹಾಸವಿಲ್ಲ, ಅಭಿಮಾನಿಗಳಿಲ್ಲ, ಇನ್ನೂ ಒಂದು ಪಂದ್ಯವನ್ನೂ ಆಡಿರದ ತಂಡ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದರು, 2016ರಲ್ಲಿ ಮತ್ತೆ ಗೆದ್ದರು. 2019ರಲ್ಲಿ ಐಎಸ್‌ಎಲ್ ಬಂತು. ಐಎಸ್‌ಎಲ್ ಬೇರೆ ಲೀಗ್ ಆಗಿದ್ದ ದಿನಗಳಲ್ಲಿ ಎರಡು ಋತು ಮುಂಬೈಗೆ ಎರವಲು ಹೋಗಿ ಬಂದದ್ದು ಬಿಟ್ಟರೆ, ಆಮೇಲೆ ಅಂಗಿ ಬದಲಾಗಲೇ ಇಲ್ಲ. ಎಲ್ಲೂ ನಿಲ್ಲದವನು ಅನ್ನಿಸಿಕೊಳ್ಳಬಹುದಾಗಿದ್ದ ಮನುಷ್ಯ ಒಂದೇ ಊರಿನಲ್ಲಿ ಒಂದು ದಶಕ ದಾಟಿ ನಿಂತರು. ಅವರ ಸ್ವಭಾವ 2013ರಲ್ಲಿ ದಿಢೀರನೆ ಬದಲಾಯಿತೆಂದು ನನಗೆ ಅನ್ನಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಸಂಬಳ ಕೊಡುವ, ಅಭ್ಯಾಸಕ್ಕೆ ಮೈದಾನ ಕೊಡುವ, ಮುಂದಿನ ವರ್ಷವೂ ಇರುತ್ತೇನೆ ಎನ್ನುವ ಕ್ಲಬ್ ಸಿಕ್ಕಿತು. ನಿಲ್ಲಲು ನೆಲ ಸಿಕ್ಕಿದಾಗ ಅವರು ನಿಂತರು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮ ಕಡೆಯ ಫುಟ್‌ಬಾಲ್ ಆಟಗಾರರು ಹಿಂದಿನಿಂದಲೂ ಹೋಗುತ್ತಿದ್ದುದು ಇಲ್ಲಿಂದ ಕೋಲ್ಕತ್ತಕ್ಕೆ. ಸಂತೋಷ್ ಟ್ರೋಫಿ ಗೆದ್ದವರ ಪಟ್ಟಿಯಲ್ಲಿ 'ಮೈಸೂರು' ಎಂಬ ಹೆಸರು ನಾಲ್ಕು ಸಲ ಬರುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಊರು ಇಷ್ಟು ಚೆನ್ನಾಗಿ ಆಡುತ್ತಿತ್ತೇ ಎಂದು ಖುಷಿಯಾಗಿತ್ತು. ಅದು ರಾಜ್ಯದ ಹೆಸರು, ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲನ್ನು ಅಲ್ಲಿ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಮುನ್ಪಡೆಯಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುನ್ಪಡೆ ಆಟಗಾರರನ್ನು ಜನ 'ಪಂಚ ಪಾಂಡವರು' ಎಂದು ಕರೆಯುತ್ತಿದ್ದರು, ಖಾನ್ ಅವರಲ್ಲಿ ಒಬ್ಬರು. ಅವರ ಪಟ್ಟಿ ಚಿಕ್ಕದು, ಒಂದು ದಶಕದ ಹತ್ತಿರ ಅಲ್ಲೇ ಆಡಿದರು. ಆದರೆ ಅದು ಇಲ್ಲಿಯ ನಿಷ್ಠೆಯಲ್ಲ, ಅಲ್ಲಿಯದು. ಊರಲ್ಲಿ ಆಟವಿತ್ತು, ಆಟ ನೆಚ್ಚಿ ಬದುಕುವ ದಾರಿ ಇರಲಿಲ್ಲ. ಅವರು ಹೋದ ದಾರಿಯಲ್ಲೇ ಅರವತ್ತು ವರ್ಷಗಳ ಮೇಲೆ ಚೆಟ್ರಿ ಎದುರಿನಿಂದ ಬಂದರು.

ನಾನು ಅವರನ್ನು ನೇರವಾಗಿ ಕಂಡದ್ದು 2016ರ ಅಕ್ಟೋಬರ್ 19ರ ಬುಧವಾರ. ಆಗ ಡಿಗ್ರಿ ಎರಡನೇ ವರ್ಷ. ಅಣ್ಣ ಎರಡು ಟಿಕೆಟ್ ತೆಗೆದಿದ್ದ. ಮಧ್ಯಾಹ್ನದ ಬಸ್ಸಿಗೆ ಹೊರಟು ಕಂಠೀರವ ಸೇರಿದೆವು. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಮೊದಲ ಗೋಲು ಅವರದ್ದೇ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಮೈದಾನದಲ್ಲಿ ಕೂತರೆ ಒಬ್ಬನನ್ನೇ ನೋಡಬಹುದು. ನಾನು ಚೆಟ್ರಿಯನ್ನೇ ನೋಡುತ್ತಿದ್ದೆ. ಚೆಂಡು ಅವರ ಬಳಿ ಇದ್ದದ್ದು ತೀರ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಓಡುತ್ತಿದ್ದರು. ರಕ್ಷಕನ ಬೆನ್ನ ಹಿಂದಕ್ಕೆ ಒಂದು ಓಟ, ಪಾಸ್ ಬರಲಿಲ್ಲ, ವಾಪಸ್. ಮತ್ತೆ ಎಡಕ್ಕೆ ಒಂದು ಓಟ, ಚೆಂಡು ಬಲಕ್ಕೆ ಹೋಯಿತು, ವಾಪಸ್. ಪ್ರತಿ ಸಲವೂ ಚೆಂಡು ಬಂದೇ ಬರುತ್ತದೆ ಎನ್ನುವ ಹಾಗೆ ಓಡುತ್ತಿದ್ದರು. "ಸುಮ್ನೆ ಓಡ್ತಾನೇ ಇದಾರಲ್ಲೋ" ಅಂದೆ. ಅಣ್ಣ, "ಅದೇ ಅವ್ರ ಕೆಲ್ಸ ಕಣೇ" ಅಂದ. ಕೊನೆಗೆ ಎರಡು ಓಟಗಳಿಗೆ ಚೆಂಡು ಬಂತು, ಎರಡೂ ಗೋಲಾದವು. ಪಂದ್ಯ 3–1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ದೋಹಾದ ಫೈನಲ್‌ನಲ್ಲಿ ಇರಾಕಿನ ತಂಡದೆದುರು 0–1ರಿಂದ ಸೋತರು. ಆದರೆ ಆ ರಾತ್ರಿ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹತ್ತಿದಾಗ ಅಣ್ಣನ ಗಂಟಲು ಪೂರ್ತಿ ಕಟ್ಟಿತ್ತು, ಕಂಡಕ್ಟರಿಗೆ "ಎರಡು ಮೈಸೂರು" ಎಂದು ನಾನೇ ಹೇಳಬೇಕಾಯಿತು.

ಭಾರತಕ್ಕಾಗಿ 94 ಗೋಲು ಹೊಡೆದು ಚೆಟ್ರಿ 2024ರ ಜೂನ್‌ನಲ್ಲಿ ನಿವೃತ್ತರಾದರು. ಮರುವರ್ಷ ಮಾರ್ಚ್‌ನಲ್ಲಿ, ನಲವತ್ತು ದಾಟಿದ ಮೇಲೆ, ದೇಶದ ತಂಡ ಅವರನ್ನು ಮತ್ತೆ ಕರೆಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತೊಂಬತ್ತೈದನೆಯದು ಬಂತು. ಗೋಲುಗಳಿಗೆ ಲೆಕ್ಕವಿದೆ. ಆ ತೊಂಬತ್ತೈದರ ಹಿಂದಿನ ಬರಿಗೈ ಓಟಗಳಿಗೆ ಯಾರ ಪುಸ್ತಕದಲ್ಲೂ ಜಾಗವಿಲ್ಲ. ಕಾನ್ಸಾಸ್, ಲಿಸ್ಬನ್‌ಗಳನ್ನು ನಾನು ಈಗ ಅಂಥ ಓಟಗಳ ಹಾಗೆ ನೋಡುತ್ತೇನೆ. ಅವರು ಇರಬೇಕಾದ ಜಾಗದಲ್ಲಿ ಇದ್ದರು, ಚೆಂಡು ಬರಲಿಲ್ಲ.

ನಿಂತ ನೆಲವೂ ಗಟ್ಟಿ ಎಂದು ಹೇಳುವಂತಿಲ್ಲ. 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್‌ನ ಮುಂದಿನ ಋತು ನಡೆಯುವುದೇ ಅನುಮಾನವಾದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಹನ್ನೆರಡು ವರ್ಷ ನಿಂತವರಿಗೂ ನಿನ್ನೆ ಮೊನ್ನೆ ಬಂದವರಿಗೂ ಒಂದೇ ಸುದ್ದಿ. ಆ ದಿನ ನನಗೆ ಹೆಚ್ಚು ನೆನಪಾದವರು ಚೆಟ್ರಿಯಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ರಾಜ್ಯಕ್ಕೆ ಸಂತೋಷ್ ಟ್ರೋಫಿ ತಂದ ಕರ್ನಾಟಕದ ಹುಡುಗರು. ಅವರು ಒಬ್ಬೊಬ್ಬರೂ ಈಗ ತಮ್ಮ ತಮ್ಮ ಪಟ್ಟಿ ಬರೆಯುತ್ತಿದ್ದಾರೆ. ಮುಂದೆ ಯಾರಾದರೂ ಅದರ ಮೇಲೆ ಬೆರಳಾಡಿಸಿ ಎಲ್ಲೂ ನಿಲ್ಲಲಿಲ್ಲವಲ್ಲ ಎಂದು ಕೇಳುವ ಮೊದಲು, ನಿಲ್ಲಲು ಎಷ್ಟು ಜಾಗ ಇತ್ತು ಎಂದು ಒಮ್ಮೆ ಕೇಳಿಕೊಳ್ಳಲಿ.