ತೊಗಟೆಯಡಿಯ ‘ಟಕ್’

ಅಕ್ಟೋಬರ್ 18, ಶನಿವಾರ. ಶಿರಸಿ

ಸೊಪ್ಪಿನ ಬೆಟ್ಟದಲ್ಲಿ ಹೋದ ಮಳೆಗಾಲಕ್ಕೂ ಮುಂಚೆ ಉರುಳಿದ ಮತ್ತಿಮರದ ತೊಗಟೆ ಈಗ ಸಡಿಲಾಗಿದೆ. ಎಬ್ಬಿಸಿದರೆ ಬಿಳಿ ಬೂಷ್ಟು, ಗೆದ್ದಲು, ಅವುಗಳ ನಡುವೆ ಮೂರ್ನಾಲ್ಕು ಕಂದು ದುಂಬಿಗಳು. ಉದ್ದ ಆರು ಮಿಲಿಮೀಟರ್ ದಾಟುವುದಿಲ್ಲ. ಅಂಗಾತ ಮಾಡಿದ್ದೇ ತಡ, ಟಕ್! ಒಂದು ಎಲ್ಲಿಗೆ ಹಾರಿತೋ ಕಾಣಲಿಲ್ಲ.

“ದೊಡ್ಡಪ್ಪ, ಕಾಲು ಆಡಿಸ್ದೇ ಹ್ಯಾಂಗೆ ಹಾರ್ತು ಇದು?” ತಮ್ಮನ ಮಗಳ ಪ್ರಶ್ನೆ. ಹೀಗೆ ಟಕ್ಕೆಂದು ಹಾರುವ ಕ್ಲಿಕ್ ಬೀಟಲ್‌ಗಳ ಮುಂದಿನ ಎದೆಯ ಅಡಿಯಲ್ಲಿ ಹಿಂದಕ್ಕೆ ಚಾಚಿದ ಒಂದು ಗೂಟ, ನಡು ಎದೆಯಲ್ಲಿ ಅದಕ್ಕೊಂದು ಕುಳಿ. ಗೂಟ ಕುಳಿಯ ಅಂಚಿಗೆ ತಡೆದು ನಿಲ್ಲುತ್ತದೆ, ಸ್ನಾಯು ಬಿಗಿಯುತ್ತಾ ಹೋಗುತ್ತದೆ, ಗೂಟ ಥಟ್ಟನೆ ಜಾರಿ ಕುಳಿಯೊಳಗೆ ಬೀಳುತ್ತದೆ. ಅಷ್ಟರಲ್ಲಿ ಹುಳು ಮೇಲೆ! 1970ರ ದಶಕದಲ್ಲಿ ಇವಾನ್ಸ್ ಎಂಬ ವಿಜ್ಞಾನಿ ಬ್ರಿಟನ್ನಿನ ಒಂದು ಜಾತಿಯಲ್ಲಿ ಅಳೆದಾಗ ವೇಗವರ್ಧನೆ ಗುರುತ್ವದ ಸುಮಾರು 380 ಪಟ್ಟು ಬಂದಿತ್ತು.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆಯಿಡೀ ಭೂತಗನ್ನಡಿ. ಮೇಲಿನಿಂದ ತೆಗೆದ ಫೋಟೋ ನೋಡಿ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಕಂದು ದುಂಬಿಗಳಿಗೇನು ಬರವೇ? ಹೆಚ್ಚಿನ ಗುಟ್ಟು ಹೊಟ್ಟೆಯ ಕಡೆಗಿದೆ. ಮೊದಲು ಯೂಕ್ನೆಮಿಡೇ ಕುಟುಂಬವನ್ನು ಬದಿಗಿಡಬೇಕು. ಅವೂ ಸತ್ತ ಮರದವೇ, ಕೆಲವು ಟಕ್ ಎನ್ನುವುದೂ ಉಂಟು. ಆದರೆ ಅವುಗಳ ಮೇಲ್ದುಟಿ ಹೊರಗೆ ಕಾಣದು, ಮೀಸೆಗಳ ಬುಡ ಹತ್ತಿರ ಹತ್ತಿರ. ನನ್ನದರ ತುಟಿ ಸ್ಪಷ್ಟ. ಕ್ಲಿಕ್ ಬೀಟಲ್‌ಗಳ ಕುಟುಂಬವಾದ ಎಲಟೆರಿಡೇ ಎನ್ನಲು ಅಡ್ಡಿಯಿಲ್ಲ.

ಮುಂದೆ ಉಗುರು. ಬಾಚಣಿಗೆಯ ಹಲ್ಲಿದ್ದಿದ್ದರೆ ಮೆಲನೋಟಸ್ ಕುಲ ಎನ್ನಬಹುದಿತ್ತು, ಇಲ್ಲ. ರೆಕ್ಕೆಕವಚಗಳು ಕೂಡುವಲ್ಲಿರುವ ಪುಟ್ಟ ಫಲಕ ಹೃದಯಾಕಾರ, ಮೇಲಂಚಿನಲ್ಲಿ ಒಂದು ಕಚ್ಚು. ಕಾರ್ಡಿಯೋಫೊರಿನೇ ಉಪಕುಟುಂಬ! ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ, ಕಾಫಿ ಆರಿಹೋಯಿತು.

ಅಕ್ಟೋಬರ್ 21, ಮಂಗಳವಾರ

ನಾಳೆ ಗೋಪೂಜೆ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜಾತಿಯ ಮಟ್ಟಕ್ಕೆ ಹೋಗಲು ಗಂಡಿನ ಜನನಾಂಗ ಬಿಡಿಸಿ ನೋಡಬೇಕಾಗುತ್ತದೆ. ಅದಕ್ಕಾಗಿ ಕೊಲ್ಲುವ ಮನಸ್ಸಿಲ್ಲ. ಚೀಟಿಯಲ್ಲಿ ಉಪಕುಟುಂಬವನ್ನಷ್ಟೇ ಬರೆದೆ. ಊಹೆಯ ಲ್ಯಾಟಿನ್ ಹೆಸರಿಗಿಂತ ಅದು ವಾಸಿ.

ಸಂಜೆ ಅದೇ ಮರದ ಬುಡದ ಕಡೆ ತೊಗಟೆಯಡಿ ಕ್ಲಿಕ್ ಬೀಟಲ್‌ನ ಹಳದಿ ಮರಿಹುಳು, ದಾರದಷ್ಟು ಸಪೂರ, ಮುಟ್ಟಿದರೆ ಗಡಸು. ತಮ್ಮ ನೋಡಿ, “ಗಡ್ಡೆಗೆ ಬೀಳೋ ಹುಳ ಇದೇ ಅಲ್ದಾ? ಹೊಸಕಿ ಹಾಕು” ಎಂದ. ಹೊಲದಲ್ಲಿ ಗಡ್ಡೆ, ಬೇರು ಕೊರೆಯುವ ಬಳಗ ಇದರದ್ದೇ, ನಿಜ. ಆದರೆ ಸತ್ತ ಮರದಲ್ಲಿರುವ ಹಲವು ಜಾತಿಗಳ ಮರಿಗಳು ಬೇರೆ ಕೀಟಗಳ ಮರಿಗಳನ್ನು ತಿಂದು ಬದುಕುತ್ತವೆ. ಹಾಗೆಂದೆ. ಅವನಿಗೆ ಒಪ್ಪಿಗೆಯಾದಂತಿಲ್ಲ, ಆ ಮರವನ್ನು ಸೌದೆಗೆ ಕಡಿಸುವ ಮಾತು ತೆಗೆದ. ಹಬ್ಬ ಕಳೆಯಲಿ ಎಂದು ಮುಂದೂಡಿಸಿದ್ದೇನೆ.