ಬ್ರೌಸರಿನೊಳಗಿನ ಹಾಳೆ

ಕಾಸರಗೋಡಿನ ಈ ಶಾಲೆಯಲ್ಲಿ ಅಕ್ಷರ ತಿದ್ದಿದ ನಾನು ಇಂದು ಟಿಪ್ಪಣಿಗೂ ಗಣಕದ ಕ್ರಮವಿಧಿಗೂ ನೆಚ್ಚಿರುವುದು ಬ್ರೌಸರಿನೊಳಗೆ ತೆರೆಯುವ ಸರಳ ಬರಹಪುಟವನ್ನು. ಅಲಂಕಾರವಿಲ್ಲ, ಎರವಲು ಯಂತ್ರದಲ್ಲೂ ನಡೆಯುತ್ತದೆ.

ತೀರಿಕೊಂಡ ತಂದೆಯವರ ಯಕ್ಷಗಾನ ಟಿಪ್ಪಣಿಗಳು ಹಳೆಯ ಫಾಂಟೊಂದರ ಹಂಗಿನಲ್ಲಿದ್ದುವು. ಆ ಫಾಂಟಿಲ್ಲದೆ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. 1991ರಲ್ಲೇ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತು. ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದುವು. ಹಳೆಯದನ್ನು ಅದಕ್ಕೆ ಮಾರ್ಪಡಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಕ್ರಮವಿಧಿಯನ್ನು ಈ ಪುಟದಲ್ಲೇ ಬರೆದೆ. ತೊಡಕೆಂದರೆ ಅರ್ಕಾವೊತ್ತು: ‘ಸೂರ್ಯ’ದಲ್ಲಿ ಫಾಂಟಿಗೆ ಅದು ಯಕಾರದ ಬಳಿಕ, ಯೂನಿಕೋಡಿಗೆ ರಕಾರವೇ ಮೊದಲು.

ಬ್ರೌಸರಿನ ಸಂಗ್ರಹ ಅಳಿಸಿದರೆ ಬರಹವೂ ಅಳಿಯುವುದರಿಂದ ಪ್ರತಿ ಸಂಜೆ ಕಡತವಾಗಿ ಇಳಿಸಿಕೊಳ್ಳುತ್ತೇನೆ. ಎರಡು ಪ್ರಸಂಗಗಳ ಟಿಪ್ಪಣಿ ಓದಲು ದೊರಕಿದೆ, ಐದು ಉಳಿದಿವೆ.